ಕಡಲಿನ ತಳದಲ್ಲಿರುವ ಊರು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೊಕ್ ಸೀಮೆಯಲ್ಲಿ ಡನಿಚ್ ಎಂಬ ಹಳ್ಳಿಯಿದೆ. ಡಾರ್ಷಮ್ ನಿಲ್ದಾಣದಲ್ಲಿ ರೈಲಿಳಿದು, ಹೊಲಗಳ ನಡುವಿನ ಕಿರಿದಾದ ರಸ್ತೆಯಲ್ಲಿ ಕೆಲವು ಮೈಲಿ ಹೋದರೆ ಸಿಗುತ್ತದೆ. ಒಂದು ಚರ್ಚು, ಒಂದು ಪಬ್ಬು, ಒಂದು ಪುಟ್ಟ ವಸ್ತುಸಂಗ್ರಹಾಲಯ, ಬೆರಳೆಣಿಕೆಯ ಮನೆಗಳು. ಊರೆಂದರೆ ಇಷ್ಟೇ. ಅದನ್ನು ನೋಡಿ ಬಂದಾಗಿನಿಂದ ನಿನಗೆ ಬರೆಯಬೇಕೆಂದು ಮನಸ್ಸು ಒತ್ತಾಯಿಸುತ್ತಲೇ ಇತ್ತು. ಉಳ್ಳಾಲದ ಕಡಲ ಬದಿಯಲ್ಲಿ ಬೆಳೆದ ನಿನಗೆ ಈ ಊರಿನ ಪಾಡು ಬೇರೆ ಯಾರಿಗಿಂತಲೂ ಬೇಗ ತಿಳಿಯುತ್ತದೆ.

ಎಂಟು ಶತಮಾನಗಳ ಹಿಂದೆ ಇದು ಇಂಗ್ಲೆಂಡಿನ ದೊಡ್ಡ ಬಂದರುಗಳಲ್ಲಿ ಒಂದಾಗಿತ್ತು. ಉಣ್ಣೆ ಮತ್ತು ಧಾನ್ಯ ಇಲ್ಲಿಂದ ಹಡಗೇರುತ್ತಿದ್ದವು, ಫ್ರಾನ್ಸಿನ ದ್ರಾಕ್ಷಾರಸ ಇಲ್ಲಿ ಇಳಿಯುತ್ತಿತ್ತು, ಹೆರಿಂಗ್ ಮೀನಿನ ವ್ಯಾಪಾರ ಜೋರಾಗಿತ್ತು. ಹಲವಾರು ಚರ್ಚುಗಳು, ಸನ್ಯಾಸಿ ಮಠಗಳು, ಮಾರುಕಟ್ಟೆ ಎಲ್ಲವೂ ಇದ್ದವು. ಆದರೆ ಕಡಲು ಅದಕ್ಕೂ ಮುಂಚೆಯೇ ಕೈಹಾಕಿತ್ತು. 1086ರಲ್ಲಿ ದೊರೆ ಬರೆಸಿದ ಡೂಮ್ಸ್‌ಡೇ ಭೂದಾಖಲೆಯಲ್ಲಿಯೇ ಇಲ್ಲಿಯ ಉಳುಮೆಯ ಜಮೀನಿನಲ್ಲಿ ಒಂದು ಪಾಲನ್ನು ಸಮುದ್ರ ಒಯ್ದಿತೆಂಬ ಮಾತಿದೆ. 1286ರ ಬಿರುಗಾಳಿ ಊರಿನ ತಗ್ಗು ಭಾಗವನ್ನು ಕೆಡವಿತು. 1328ರದ್ದು ಇನ್ನೂ ಕ್ರೂರ. ಅದು ಉರುಳುಗಲ್ಲು ಮತ್ತು ಮರಳನ್ನು ತಂದು ಬಂದರಿನ ಬಾಯಿಗೆ ತುಂಬಿತು. ನದಿ ಉತ್ತರಕ್ಕೆ ಹೊಸ ದಾರಿ ಹಿಡಿಯಿತು, ಹಡಗುಗಳು ಅದರ ಹಿಂದೆ ಹೋದವು, ಸುಂಕದ ಹಣವೂ ಹೋಯಿತು. ನನ್ನ ಮಟ್ಟಿಗೆ ಡನಿಚ್ ಸತ್ತದ್ದು ಅಂದೇ. ಗೋಡೆ ಬಿದ್ದ ಊರು ಮತ್ತೆ ಗೋಡೆ ಕಟ್ಟಿಕೊಳ್ಳಬಹುದು. ದುಡಿಮೆಯೇ ಹೋದ ಮೇಲೆ ಯಾರು ಕಟ್ಟುತ್ತಾರೆ, ಯಾವ ಹಣದಿಂದ?

ಆಮೇಲೆ ನೂರಾರು ವರ್ಷ ಕಡಲು ಒಂದೊಂದೇ ಬೀದಿಯನ್ನು ತೆಗೆದುಕೊಂಡಿತು. ಆಲ್ ಸೇಂಟ್ಸ್ ಚರ್ಚು ಎಲ್ಲಕ್ಕಿಂತ ಕೊನೆಗೆ ಬಿದ್ದದ್ದು. 1904ರ ಹೊತ್ತಿಗೆ ದಂಡೆಯ ಅಂಚು ಅದರ ಗೋಡೆಗೆ ತಲುಪಿತು, 1919ರಲ್ಲಿ ಗೋಪುರವೂ ಉರುಳಿತು. ಅದರ ಸ್ಮಶಾನ ಕುಸಿದಾಗ ಸತ್ತವರ ಎಲುಬುಗಳು ಮಣ್ಣಿನಿಂದ ಹೊರಚಾಚಿದ್ದವಂತೆ. ಆ ಗೋಪುರದ ಒಂದು ಆಸರೆಗಂಬವನ್ನು ಮಾತ್ರ ಉಳಿಸಿ ಈಗಿನ ಸೇಂಟ್ ಜೇಮ್ಸ್ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಇಷ್ಟೆಲ್ಲ ಆದರೂ 1832ರವರೆಗೆ ಈ ಊರು ಸಂಸತ್ತಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಲೇ ಇತ್ತು. ಮನೆಗಳು ನೀರುಪಾಲಾದವರ ಹೆಸರಿನಲ್ಲಿ ಸಿರಿವಂತರು ಕುರ್ಚಿ ಹಿಡಿದದ್ದನ್ನು ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ.

ದಂಡೆಯ ಕೆಳಗೆ ನಡೆದೆ. ಕಡಿದಾದ ಮಣ್ಣಿನ ಗೋಡೆಯ ತುಂಬ ತೂತುಗಳು. ಅಂಬರಗುಬ್ಬಿಯ ಜಾತಿಯ ಪುಟ್ಟ ಹಕ್ಕಿಗಳು ಅಲ್ಲಿ ಗೂಡು ಮಾಡಿಕೊಂಡು ಸರ್ರನೆ ಒಳಹೊರಗೆ ಹಾರುತ್ತಿದ್ದವು. ಕೆಳಗೆ ಬಿದ್ದಿದ್ದ ಒಂದು ಹೆಂಟೆಯನ್ನು ಹಿಡಿದು ಸ್ವಲ್ಪ ಒತ್ತಿದೆ, ಹುರಿದ ರವೆಯಂತೆ ಬೆರಳ ಸಂದಿಯಿಂದ ಸುರಿದುಹೋಯಿತು. ಬಂಡೆಯೆಂಬುದೇ ಇಲ್ಲ, ಬರೀ ಮರಳು ಮತ್ತು ಜಲ್ಲಿ. ಕಾಲಡಿಯಲ್ಲಿ ಚಕಮಕಿ ಕಲ್ಲುಗಳ ರಾಶಿ. ಇಲ್ಲಿಯ ಚರ್ಚುಗಳನ್ನು ಕಟ್ಟಿದ್ದೂ ಅಂಥ ಕಲ್ಲಿನಿಂದಲೇ. ಒಂದು ಕಲ್ಲಿನ ಬೆನ್ನಿಗೆ ಗಾರೆಯ ತುಣುಕು ಅಂಟಿಕೊಂಡಿತ್ತು. ಯಾರೋ ಕರಣೆ ಹಿಡಿದು ಮೆತ್ತಿದ ಗಾರೆ. ಅದನ್ನು ಅಲ್ಲಿಯೇ ಇಟ್ಟುಬಂದೆ.

ಬಿರುಗಾಳಿಯ ರಾತ್ರಿ ನೀರಿನೊಳಗಿಂದ ಚರ್ಚಿನ ಗಂಟೆಗಳು ಕೇಳಿಸುತ್ತವೆ ಎಂದು ಇಲ್ಲೊಂದು ಕತೆಯಿದೆ, ಪ್ರವಾಸಿಗರಿಗೆ ಅದೇ ಇಷ್ಟ. ನನಗೆ ಅದಕ್ಕಿಂತ ದೊಡ್ಡದೆನಿಸಿದ್ದು ಒಂದು ನಕ್ಷೆ. 1587ರಲ್ಲಿ ರಾಲ್ಫ್ ಅಗಾಸ್ ಎಂಬ ಮೋಜಣಿದಾರ ಅಳಿದುಳಿದ ಡನಿಚ್ ಅನ್ನು ಅಳೆದು, ಬೀದಿ, ಚರ್ಚುಗಳ ಸಮೇತ ಚಿತ್ರಿಸಿದ. ಶತಮಾನಗಳ ಬಳಿಕ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಸಿಯರ್ ಮತ್ತು ಸಂಗಡಿಗರು ಸದ್ದಿನ ಪ್ರತಿಧ್ವನಿಯಿಂದ ನೀರಿನಡಿಯದನ್ನು ಗುರುತಿಸುವ ಸೋನಾರ್ ಉಪಕರಣ ಹಿಡಿದು ಕಡಲ ತಳವನ್ನು ಹುಡುಕಿದರು. ಅಲ್ಲಿಯ ನೀರು ಎಷ್ಟು ಕದಡಿರುತ್ತದೆಂದರೆ ಮುಳುಗುಗಾರನಿಗೆ ತನ್ನ ಕೈಯೇ ಕಾಣುವುದು ಕಷ್ಟ. ಆದರೂ ಸೇಂಟ್ ಪೀಟರ್, ಸೇಂಟ್ ನಿಕೊಲಸ್ ಚರ್ಚುಗಳ ಅವಶೇಷಗಳನ್ನು ಗುರುತಿಸಿದರು. ಅದಕ್ಕೆ ಆ ಹಳೆಯ ನಕ್ಷೆ ಆಧಾರವಾಯಿತು. ಇಂಥ ನಕ್ಷೆ ಇರದಿದ್ದರೆ ತಳದಲ್ಲಿರುವ ಕಲ್ಲುಗುಡ್ಡೆಗೆ ಹೆಸರು ಕೊಡುವವರು ಯಾರು?

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಉಳ್ಳಾಲದಲ್ಲಿ ಪ್ರತಿ ಮಳೆಗಾಲದ ಕಡಲ್ಕೊರೆತಕ್ಕೆ ಕಲ್ಲು ಸುರಿಯುವ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಹೋದ ಮನೆಗಳು ಎಲ್ಲಿದ್ದವೆಂದು ಯಾರೂ ಬರೆದಿಡುವುದಿಲ್ಲ. ನಿನ್ನ ಅಜ್ಜಿಗೆ ಎಲ್ಲವೂ ನೆನಪಿದೆ. ಯಾರ ಮನೆ ಯಾರ ಪಕ್ಕದಲ್ಲಿತ್ತು, ಸಿಹಿನೀರಿನ ಬಾವಿ ಎಲ್ಲಿತ್ತು, ದೋಣಿಗಳನ್ನು ಎಲ್ಲಿಗೆ ಎಳೆದಿಡುತ್ತಿದ್ದರು, ಎಷ್ಟು ಸಾಲು ತೆಂಗು ಇದ್ದವು ಎಂಬುದನ್ನೆಲ್ಲ ಕೇಳು. ಅವರು ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊ. ದೊಡ್ಡ ಹಾಳೆಯೊಂದರಲ್ಲಿ, ಈಗಲೂ ಇರುವ ರಸ್ತೆಯಿಂದ ಅಳತೆ ಹಿಡಿದು, ಗೆರೆ ಎಳೆ. ನೆರೆಯ ಹಿರಿಯರಿಗೂ ತೋರಿಸಿ ತಿದ್ದಿಸು. ಮುಂದಿನ ಜೂನ್‌ಗೆ ಮೊದಲು ಇದು ಆಗಬೇಕು. ಒಂದು ಪ್ರತಿ ನನಗೂ ಕಳುಹಿಸು.

ನಿನ್ನ ಗೆಳೆಯ