ಸ್ನೋಮೊಬೈಲ್‌ಗೆ ಹೊಂದುತ್ತದೆ ಎಂದು ಮಾರಿದ ಎಲ್‌ಇಡಿ ಹೆಡ್‌ಲೈಟ್ ಬಲ್ಬುಗಳ ಬಗ್ಗೆ ದೂರು

ಹೌಟನ್, ಮಿಷಿಗನ್
ಫೆಬ್ರವರಿ 3, 2025

ಗೆ,
ವ್ಯವಸ್ಥಾಪಕ ನಿರ್ದೇಶಕರು,
ಎಲ್‌ಇಡಿ ದೀಪ ತಯಾರಿಕಾ ಸಂಸ್ಥೆ,
ಪೀಣ್ಯ, ಬೆಂಗಳೂರು

ವಿಷಯ: ಎಚ್4 ಎಲ್‌ಇಡಿ ಬಲ್ಬುಗಳ ವೈಫಲ್ಯ, ವಾರಂಟಿ ನಿರಾಕರಣೆ ಮತ್ತು ಪೆಟ್ಟಿಗೆಯ ಮೇಲಿನ ತಪ್ಪು ಹೇಳಿಕೆಗಳು

ಮಾನ್ಯರೇ,

ಕಳೆದ ನವೆಂಬರ್‌ನಲ್ಲಿ 89 ಡಾಲರ್ ಕೊಟ್ಟು ನಿಮ್ಮಿಂದ ಒಂದು ಜೊತೆ ಎಚ್4 (ಡಿಮ್, ಹೈ ಬೀಮ್ ಎರಡೂ ಒಂದೇ ಬಲ್ಬಿನಲ್ಲಿರುವ ಮಾದರಿ) ಎಲ್‌ಇಡಿ ಬಲ್ಬು ತರಿಸಿಕೊಂಡೆ. ಅವು ಜನವರಿ 18ರ ರಾತ್ರಿ ಕಾಡಿನ ನಡುವೆ ಕೈಕೊಟ್ಟವು. ಅದರ ಬಗ್ಗೆ ಬರೆದ ದೂರಿಗೆ ನಿಮ್ಮ ಗ್ರಾಹಕ ಸೇವಾ ವಿಭಾಗ ಜನವರಿ 27ರಂದು ಒಂದೇ ಸಾಲಿನ ಉತ್ತರ ಕಳುಹಿಸಿತು: ವಾಹನದ ವಿದ್ಯುತ್ ವ್ಯವಸ್ಥೆ ಹಳೆಯದು, ಅಳವಡಿಕೆ ಸರಿಯಿಲ್ಲ, ವಾರಂಟಿ ಅನ್ವಯಿಸುವುದಿಲ್ಲ. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ದೂರವಾಣಿಯಲ್ಲಿ ನಿಮ್ಮ ಸಿಬ್ಬಂದಿ ನನ್ನೊಡನೆ ಕನ್ನಡದಲ್ಲೇ ಮಾತನಾಡಿದ್ದರಿಂದ ಈ ಪತ್ರವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದನ್ನು ನೀವೇ ಓದಬೇಕೆಂದು ಕೋರುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವಳು. ಹನ್ನೊಂದು ವರ್ಷಗಳಿಂದ ಇಲ್ಲಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಹಿಮದ ಮೇಲೆ ಓಡುವ ಈ ಸ್ನೋಮೊಬೈಲ್ ಎಂದರೆ ರಜೆಯ ಮೋಜಿನ ಗಾಡಿ ಎಂದು ನಿಮಗೆ ಅನ್ನಿಸಿರಬಹುದು, ಹಾಗಾಗಿ ಇಲ್ಲಿನ ಚಳಿಗಾಲವನ್ನು ಸ್ವಲ್ಪ ಹೇಳಬೇಕು. ಕಿವಿನಾ ಪರ್ಯಾಯ ದ್ವೀಪವು ಲೇಕ್ ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿದೆ. ಸರೋವರದ ತೇವವನ್ನು ಹೊತ್ತು ಬರುವ ಗಾಳಿ ಅದನ್ನೆಲ್ಲ ಇಲ್ಲಿ ಹಿಮವಾಗಿ ಸುರಿಯುತ್ತದೆ. ಸಾಮಾನ್ಯ ವರ್ಷದಲ್ಲೇ 200 ಅಂಗುಲಕ್ಕೂ ಹೆಚ್ಚು ಬೀಳುತ್ತದೆ. 1978–79ರಲ್ಲಿ ಬಿದ್ದ 390.4 ಅಂಗುಲದ ದಾಖಲೆಯನ್ನು ಹೆದ್ದಾರಿಯ ಪಕ್ಕದಲ್ಲಿ ಎತ್ತರದ ಫಲಕ ನಿಲ್ಲಿಸಿ ಗುರುತಿಸಿದ್ದಾರೆ. ಹೌಟನ್ ಮತ್ತು ಹ್ಯಾನ್‌ಕಾಕ್ ಊರುಗಳನ್ನು ಜೋಡಿಸುವ ಮೇಲಕ್ಕೆತ್ತಬಲ್ಲ ಸೇತುವೆಯ ಕೆಳ ಅಂತಸ್ತನ್ನು ಚಳಿಗಾಲದಲ್ಲಿ ಸ್ನೋಮೊಬೈಲ್‌ಗಳಿಗೆಂದೇ ಬಿಟ್ಟುಕೊಡುತ್ತಾರೆ. ಡಿಸೆಂಬರ್‌ನಲ್ಲಿ ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕೆಲಸ ಮುಗಿಸಿ ಹೊರಟವರಿಗೆ ಸವಾರಿಯೆಲ್ಲ ಕತ್ತಲಲ್ಲೇ. ದಾರಿಗೆ ಜಿಂಕೆಗಳು ಅಡ್ಡ ಬರುತ್ತವೆ. ನನ್ನ ಗಾಡಿ 2003ರದು, ಬ್ಯಾಟರಿ ಇಲ್ಲದ, ಹಗ್ಗ ಎಳೆದು ಚಾಲೂ ಮಾಡುವ ಗಾಡಿ. ಅದರ ಹ್ಯಾಲೊಜೆನ್ ದೀಪ ಮಂಕಾಗಿತ್ತು, ಹೆಚ್ಚು ಬೆಳಕು ಬೇಕಾಗಿತ್ತು. ನಿಮ್ಮ ಪೆಟ್ಟಿಗೆಯ ಮೇಲೆ ಬೆಂಗಳೂರು ಎಂದು ಕಂಡಾಗ, ನಮ್ಮೂರಿನವರು ಮಾಡಿದ್ದು ಎಂಬ ಹೆಮ್ಮೆಯಿಂದಲೇ ಕೊಂಡುಕೊಂಡೆ. ಈ ಮಾತನ್ನು ಬರೆಯುವಾಗ ಈಗ ನೋವಾಗುತ್ತದೆ.

ಪೆಟ್ಟಿಗೆಯ ಮೇಲೆ ಕಾರು, ಬೈಕು, ಟ್ರ್ಯಾಕ್ಟರ್, ಸ್ನೋಮೊಬೈಲ್ ನಾಲ್ಕರ ಚಿತ್ರವೂ ಇದೆ. "ಹಳೆಯ ಬಲ್ಬು ತೆಗೆದು ಇದನ್ನು ಹಾಕಿದರೆ ಸಾಕು, ತಂತಿಯ ಕೆಲಸ ಬೇಕಿಲ್ಲ" ಎಂದಿದೆ. ನಾನು ಮಾಡಿದ್ದೂ ಅಷ್ಟೇ. ಹಾಗಿರುವಾಗ ಅಳವಡಿಕೆ ಸರಿಯಿಲ್ಲ ಎಂಬ ಮಾತು ಎಲ್ಲಿಂದ ಬಂತು?

ಜನವರಿ 18, ಶನಿವಾರ. ಹದಿನಾಲ್ಕು ವರ್ಷದ ಮಗಳನ್ನು ಹಿಂದೆ ಕೂರಿಸಿಕೊಂಡು ಕಾಪರ್ ಹಾರ್ಬರ್‌ನಿಂದ ಕ್ಯಾಲುಮೆಟ್ ಕಡೆಗೆ ಹಿಂತಿರುಗುತ್ತಿದ್ದೆ. ನಮ್ಮ ಪಕ್ಕದ ಮನೆಯ ಹಿರಿಯರು ತಮ್ಮ ಗಾಡಿಯಲ್ಲಿ ಹಿಂದೆ ಬರುತ್ತಿದ್ದರು. ಆಕಾಶ ತಿಳಿಯಾಗಿದ್ದಷ್ಟು ಹೊತ್ತು ನಿಮ್ಮ ದೀಪ ಬೆಳ್ಳಗೆ ಉರಿಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಅರ್ಧ ದಾರಿಯಲ್ಲಿ ಹಿಮ ಶುರುವಾಯಿತು. ಆಗ ಕಣ್ಣೆದುರು ಬಿಳಿ ಪರದೆ ಇಳಿಬಿಟ್ಟಂತಾಯಿತು. ಡಿಮ್ ಮಾಡಿದರೂ ಬೆಳಕು ಕೆಳಗಿಳಿಯಲಿಲ್ಲ, ಬೀಳುವ ಹಿಮದ ಮೇಲೆ ಮೇಲ್ಮುಖವಾಗಿ ಚೆಲ್ಲಿ ಕಣ್ಣಿಗೇ ಹೊಡೆಯುತ್ತಿತ್ತು. ನನ್ನ ತಂದೆ ಆಗುಂಬೆ ಘಾಟಿಯಲ್ಲಿ ಬಸ್ಸು ಓಡಿಸುತ್ತಿದ್ದರು. ಮಳೆಗಾಲದ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಗೋಡೆ ಎದ್ದು ನಿಲ್ಲುತ್ತದೆ ಎಂದು ಅವರು ಹೇಳುತ್ತಿದ್ದರು. ನಾನು ಹೈ ಬೀಮ್ ಹಾಕದೆಯೇ ಆ ಗೋಡೆಯನ್ನು ಕಂಡೆ.

ಅದೇ ಹೊತ್ತಿಗೆ ತಿರುವಿನಲ್ಲಿ ಎದುರಿನಿಂದ ನಾಲ್ಕು ಗಾಡಿಗಳು ಬಂದವು. ಮೊದಲನೆಯ ಸವಾರ ಹೆಲ್ಮೆಟ್ಟಿನ ಗಾಜಿಗೆ ಕೈ ಅಡ್ಡ ಹಿಡಿದ, ಗಾಡಿ ದಾರಿ ಬಿಟ್ಟು ಹಿಮದ ದಿಬ್ಬಕ್ಕೆ ನುಗ್ಗಿ ನಿಂತಿತು. ಪುಣ್ಯಕ್ಕೆ ಅಲ್ಲಿ ಮರವಿರಲಿಲ್ಲ, ಅವನಿಗೆ ಏನೂ ಆಗಲಿಲ್ಲ. ಹೆಲ್ಮೆಟ್ ತೆಗೆದು, ನಿಮ್ಮ ದೀಪದಿಂದಾಗಿ ತನಗೆ ದಾರಿಯೇ ಕಾಣಲಿಲ್ಲ ಎಂದ. ನಾನು ಕ್ಷಮೆ ಕೇಳಿದೆ. ಆ ಕ್ಷಮೆಯನ್ನು ಕೇಳಬೇಕಾಗಿದ್ದವರು ನೀವು.

ಅವನ ಗಾಡಿಯನ್ನು ಎಳೆಯಲು ನೆರವಾಗುವಷ್ಟು ಹೊತ್ತು ನನ್ನ ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿತ್ತು, ದೀಪ ಪಟಪಟನೆ ಮಿಟುಕುತ್ತಿತ್ತು. ಮತ್ತೆ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆಳಕು ಮಸುಕಾಯಿತು. ಇಳಿದು ನೋಡಿದರೆ ಗಾಜಿನ ಮೇಲೆ ಬೆರಳು ದಪ್ಪದ ಹಿಮ ಹೆಪ್ಪುಗಟ್ಟಿತ್ತು. ಕೈಯಿಂದ ಕೆರೆದು ತೆಗೆದೆ, ಮತ್ತೆ ಕಟ್ಟಿಕೊಂಡಿತು. ಹೀಗೆ ಐದಾರು ಬಾರಿ ಆಯಿತು. ಕೊನೆಗೆ ಎಡಗಡೆಯ ಬಲ್ಬು ಪೂರ್ತಿ ಆರಿಹೋಯಿತು. ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು, ಮೊಬೈಲ್ ಸಿಗ್ನಲ್ ಇರಲಿಲ್ಲ. ಪಕ್ಕದ ಮನೆಯ ಹಿರಿಯರು ಮುಂದೆ ಬಂದರು. ಅವರ ಗಾಡಿಯಲ್ಲಿರುವುದು ನಾನು ತೆಗೆದು ಮೂಲೆಗಿಟ್ಟಂಥದೇ ಹಳದಿ ಹ್ಯಾಲೊಜೆನ್ ದೀಪ. ಅವರ ಕೆಂಪು ಹಿಂದೀಪವನ್ನು ನೋಡಿಕೊಂಡು ನಾನು ಹಿಂದೆ ಬಂದೆ. ಮಗಳು ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. ಅವಳ ಕೈಗಳು ನನ್ನ ಸೊಂಟವನ್ನು ಹಿಡಿದ ಬಿಗಿ ನನಗೆ ಇನ್ನೂ ಮರೆತಿಲ್ಲ.

ಮರುವಾರ ಗಾಡಿಯನ್ನು ಕ್ಯಾಲುಮೆಟ್ಟಿನ ಮೆಕ್ಯಾನಿಕ್ ಬಳಿ ಬಿಚ್ಚಿಸಿದೆ. ಅವರು ತೋರಿಸಿಕೊಟ್ಟಿದ್ದರಲ್ಲಿ ಒಂದೂ ಬಿಡಿಸಲಾಗದ ಒಗಟಲ್ಲ. ಗಾಡಿಯನ್ನು ಒಮ್ಮೆ ಕಣ್ಣಾರೆ ಕಂಡಿದ್ದರೆ ನಿಮ್ಮ ಎಂಜಿನಿಯರುಗಳಿಗೂ ತಿಳಿಯುತ್ತಿತ್ತು. ಬ್ಯಾಟರಿ ಇಲ್ಲದ ಇಂಥ ಗಾಡಿಗಳಲ್ಲಿ ಎಂಜಿನ್ನಿನ ಸ್ಟೇಟರ್ ಸುರುಳಿಯಲ್ಲಿ ಹುಟ್ಟುವ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತೇ ನೇರವಾಗಿ ಹೆಡ್‌ಲೈಟಿಗೆ ಹೋಗುತ್ತದೆ. ಹ್ಯಾಲೊಜೆನ್ ಬಲ್ಬಿನೊಳಗಿನ ತಂತಿಗೆ ಎಸಿ ಆದರೂ ಒಂದೇ, ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ಆದರೂ ಒಂದೇ, ಕಾದರೆ ಸಾಕು. ಎಲ್‌ಇಡಿಗೆ ಡಿಸಿಯೇ ಬೇಕು. ನಡುವೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇಲ್ಲದಿದ್ದರೆ ಅದು ಮಿಟುಕುತ್ತದೆ, ಎಂಜಿನ್ ನಿಧಾನವಾದಷ್ಟೂ ಮಿಟುಕು ಎದ್ದು ಕಾಣುತ್ತದೆ. "12–24 ವೋಲ್ಟ್ ಡಿಸಿ" ಎಂಬುದನ್ನು ನೀವು ಬಲ್ಬಿನ ಬುಡದಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಅಕ್ಷರದಲ್ಲಿ ಅಚ್ಚು ಹಾಕಿದ್ದೀರಿ. ಪೆಟ್ಟಿಗೆಯ ಮೇಲೆ ಇಲ್ಲ, ಬಳಕೆ ಕೈಪಿಡಿಯಲ್ಲೂ ಇಲ್ಲ.

ಹಿಮ ಕಟ್ಟಿಕೊಂಡಿದ್ದಕ್ಕೂ ಕಾರಣ ಸರಳ. 55 ವ್ಯಾಟಿನ ಹ್ಯಾಲೊಜೆನ್ ಬಲ್ಬು ತಾನು ನುಂಗುವ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಹೊರಹಾಕುತ್ತದೆ. ಆ ಶಾಖವೇ ಮುಂದಿನ ಗಾಜನ್ನು ಬೆಚ್ಚಗಿಟ್ಟು ಹಿಮವನ್ನು ಕರಗಿಸುತ್ತದೆ. ನಿಮ್ಮ ಬಲ್ಬಿನ ಶಾಖ ಹಿಂಬದಿಯ ಲೋಹದ ರೆಕ್ಕೆಗಳಿಗೂ ಫ್ಯಾನಿಗೂ ಹೋಗುತ್ತದೆ, ಗಾಜು ತಣ್ಣಗೇ ಉಳಿಯುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ಇದು ತೊಂದರೆಯೇ ಅಲ್ಲ. ಹಿಮದಲ್ಲಿ ಓಡುವ ಗಾಡಿಗೆ ಎಂದು ಮಾರುವವರಿಗೆ ಮೊದಲು ಹೊಳೆಯಬೇಕಾದ ಸಂಗತಿ ಇದು. ಇನ್ನು ಆ ಫ್ಯಾನು: ಅದರ ಗಾತ್ರಕ್ಕೆ ದೀಪದ ಹಿಂಬದಿಯನ್ನು ಮುಚ್ಚುವ ಗಾಡಿಯ ರಬ್ಬರ್ ಮುಸುಕು ಕೂರುವುದಿಲ್ಲ. ತೆರೆದಿಟ್ಟ ಸಂದಿಯಿಂದ ಹಿಮದ ಪುಡಿ ನುಗ್ಗಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಫ್ಯಾನು ಸಿಕ್ಕಿಕೊಂಡಿತ್ತು. ಎಡಗಡೆಯ ಬಲ್ಬು ಸತ್ತದ್ದು ಹಾಗೆ.

ಬೆಳಕು ಚೆದುರಿದ್ದರ ಬಗ್ಗೆ ನೀವು ನನಗಿಂತ ಚೆನ್ನಾಗಿ ಬಲ್ಲವರು. ಎಚ್4 ಹ್ಯಾಲೊಜೆನ್ ಬಲ್ಬಿನಲ್ಲಿ ಡಿಮ್ ಬೆಳಕು ಕೊಡುವ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲಿರುತ್ತದೆ. ಬೆಳಕು ಮೇಲಕ್ಕೆ ಹೋಗದಂತೆ ಕತ್ತರಿಸುವುದು ಆ ಬಟ್ಟಲು ಮತ್ತು ತಂತಿ ಇರುವ ನಿಖರ ಜಾಗ. ಪ್ರತಿಫಲಕದ ಆಕಾರವನ್ನು ಆ ಜಾಗಕ್ಕೆ ಹೊಂದಿಸಿಯೇ ಮಾಡಿರುತ್ತಾರೆ. ನಿಮ್ಮ ಬಲ್ಬಿನಲ್ಲಿ ಎಲ್‌ಇಡಿ ಚಿಪ್ಪುಗಳು ಹಳೆಯ ತಂತಿಯ ಜಾಗದಲ್ಲಿ ಇಲ್ಲ. ಮೆಕ್ಯಾನಿಕ್ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದರು, ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಗೋಡೆಯ ಮೇಲೆ ಬಿಟ್ಟರೆ ಹ್ಯಾಲೊಜೆನ್ ಬೆಳಕಿಗೆ ಗೆರೆ ಎಳೆದಂಥ ಅಂಚಿದೆ, ನಿಮ್ಮ ಬೆಳಕಿಗೆ ಅಂಚೇ ಇಲ್ಲ. ಎರಡರ ಛಾಯಾಚಿತ್ರವನ್ನೂ ಈ ಪತ್ರದೊಂದಿಗೆ ಇಟ್ಟಿದ್ದೇನೆ.

ಇಷ್ಟೆಲ್ಲ ನೋಡಿದ ಮೇಲೆ ಪೆಟ್ಟಿಗೆಯನ್ನು ಮತ್ತೊಮ್ಮೆ ಓದಿದೆ. ಒಂದು ಬಲ್ಬಿಗೆ 36 ವ್ಯಾಟ್, 10,000 ಲ್ಯೂಮೆನ್ (ಬೆಳಕಿನ ಅಳತೆ) ಎಂದಿದೆ. ಅಂದರೆ ಒಂದು ವ್ಯಾಟಿಗೆ 277ಕ್ಕೂ ಹೆಚ್ಚು ಲ್ಯೂಮೆನ್. ವಾಹನದ ಬಲ್ಬಿನಲ್ಲಿ ಅದು ಆಗದ ಮಾತು. ಒಳ್ಳೆಯ ಎಚ್4 ಹ್ಯಾಲೊಜೆನ್ ಡಿಮ್‌ನಲ್ಲಿ ಸುಮಾರು 1,000, ಹೈ ಬೀಮ್‌ನಲ್ಲಿ ಸುಮಾರು 1,650 ಲ್ಯೂಮೆನ್ ಕೊಡುತ್ತದೆ, ಅಷ್ಟರಲ್ಲೇ ದಶಕಗಳಿಂದ ಜನ ಮನೆ ಸೇರಿದ್ದಾರೆ. "ಅಮೆರಿಕದ ಸಾರಿಗೆ ಇಲಾಖೆಯಿಂದ ಅನುಮೋದಿತ" ಎಂಬ ಮುದ್ರೆಯೂ ಪೆಟ್ಟಿಗೆಯ ಮೇಲಿದೆ. ಆ ಇಲಾಖೆ ಯಾವ ಬಲ್ಬನ್ನೂ ಅನುಮೋದಿಸುವುದಿಲ್ಲ. ನಿಯಮಕ್ಕೆ ಹೊಂದುತ್ತದೆ ಎಂದು ತಯಾರಕರೇ ಪ್ರಮಾಣೀಕರಿಸಿಕೊಳ್ಳುವ ಪದ್ಧತಿ ಇಲ್ಲಿಯದು. ಹಾಗಾದರೆ ಆ ಮುದ್ರೆ ಯಾರು ಕೊಟ್ಟದ್ದು?

ನಿಮ್ಮ ಗ್ರಾಹಕ ಸೇವೆಯ ಹುಡುಗ ಮರ್ಯಾದೆಯಿಂದಲೇ ಮಾತನಾಡಿದ, ಅವನ ಮೇಲೆ ನನಗೆ ದೂರಿಲ್ಲ. ಸ್ನೋಮೊಬೈಲ್ ಮೇಲೆ ಇದನ್ನು ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿದೆ. "ಪರೀಕ್ಷೆ ಮಾಡುವುದಕ್ಕೆ ನಮ್ಮಲ್ಲಿ ಆ ಗಾಡಿಯೇ ಇಲ್ಲ ಮೇಡಂ" ಎಂದ. ನನ್ನ ದೂರಿನ ತಿರುಳು ಅವನ ಆ ಮಾತಿನಲ್ಲೇ ಇದೆ. ಇಲ್ಲದ ಗಾಡಿಯ ಚಿತ್ರವನ್ನು ಪೆಟ್ಟಿಗೆಯ ಮೇಲೆ ಹಾಕಿ ಮಾರಿದ್ದೀರಿ. ನನ್ನ ಗಾಡಿ ಹಳೆಯದು ಎಂದು ಈಗ ಹೇಳುತ್ತಿದ್ದೀರಿ. ಎಷ್ಟು ಹಳೆಯ ಗಾಡಿಗೆ ಹೊಂದುವುದಿಲ್ಲ ಎಂದು ಮಾರುವ ಮೊದಲು ಹೇಳಿದ್ದರೆ ನಾನು ಕೊಳ್ಳುತ್ತಲೇ ಇರಲಿಲ್ಲ.

ನನ್ನ 89 ಡಾಲರನ್ನೂ ಮೆಕ್ಯಾನಿಕ್‌ಗೆ ಕೊಟ್ಟ 60 ಡಾಲರನ್ನೂ ಹಿಂತಿರುಗಿಸಿ. ರಸೀದಿಗಳು ಲಗತ್ತಿನಲ್ಲಿವೆ. ಆದರೆ ಹಣ ಕೊಟ್ಟು ನನ್ನನ್ನು ಸುಮ್ಮನಾಗಿಸಬಹುದು ಎಂದುಕೊಳ್ಳಬೇಡಿ. ಸ್ನೋಮೊಬೈಲ್‌ನ ಚಿತ್ರವನ್ನು ಪೆಟ್ಟಿಗೆಯಿಂದಲೂ ನಿಮ್ಮ ಮಾರಾಟದ ಪುಟದಿಂದಲೂ ತೆಗೆಯಬೇಕು, ಡಿಸಿ ಮಾತ್ರ ಎಂಬುದನ್ನು ಪೆಟ್ಟಿಗೆಯ ಮುಂಭಾಗದಲ್ಲಿ ದೊಡ್ಡದಾಗಿ ಅಚ್ಚು ಹಾಕಬೇಕು, ಸುಳ್ಳು ಮುದ್ರೆಯನ್ನು ಅಳಿಸಬೇಕು. ಸ್ನೋಮೊಬೈಲ್‌ಗೆಂದು ಕೊಂಡ ಪ್ರತಿಯೊಬ್ಬರ ವಿಳಾಸವೂ ನಿಮ್ಮ ಲೆಕ್ಕದಲ್ಲಿ ಇರುತ್ತದೆ, ಅವರೆಲ್ಲರಿಗೂ ಎಚ್ಚರಿಕೆಯ ಪತ್ರ ಹೋಗಬೇಕು. ಇದರಲ್ಲಿ ತಡ ಮಾಡುವಂತಿಲ್ಲ. ಇಲ್ಲಿ ಹಾದಿಗಳು ಮಾರ್ಚ್ 31ರವರೆಗೆ ತೆರೆದಿರುತ್ತವೆ, ಪ್ರತಿ ರಾತ್ರಿಯೂ ಯಾರೋ ಒಬ್ಬರು ಆ ದೀಪ ನಂಬಿ ಹೊರಡುತ್ತಾರೆ.

ಫೆಬ್ರವರಿ 28ರೊಳಗೆ ಲಿಖಿತ ಉತ್ತರ ಬರದಿದ್ದರೆ, ದಾರಿ ತಪ್ಪಿಸುವ ಜಾಹೀರಾತಿನ ಕುರಿತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ದೂರು ಸಲ್ಲಿಸುತ್ತೇನೆ. ಎರಡೂ ಬಲ್ಬುಗಳನ್ನು, ಸಿಕ್ಕಿಕೊಂಡ ಫ್ಯಾನನ್ನು ಹಾಗೆಯೇ ಬಿಟ್ಟು, ಪೆಟ್ಟಿಗೆ ಸಹಿತ ಕಟ್ಟಿಟ್ಟಿದ್ದೇನೆ. ಪರೀಕ್ಷೆಗೆ ಬೇಕಿದ್ದರೆ ನಿಮ್ಮ ಖರ್ಚಿನಲ್ಲಿ ತರಿಸಿಕೊಳ್ಳಿ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಖರೀದಿ ರಸೀದಿ, ಮೆಕ್ಯಾನಿಕ್‌ನ ವರದಿ ಮತ್ತು ರಸೀದಿ, ಆರು ಛಾಯಾಚಿತ್ರಗಳು, ಜನವರಿ 27ರ ನಿಮ್ಮ ಉತ್ತರದ ಪ್ರತಿ