ನೀರಿನ ಲೆಕ್ಕ ಸಿಕ್ಕಿತು, ಬಗ್ಗಡದ್ದು ಯಾವಾಗ?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರ ಜೂನ್‌ನಲ್ಲಿ ನಮ್ಮ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿದಂದಿನಿಂದ ಅದರ ಗುಣಮಟ್ಟದ ಬಗ್ಗೆ ಪತ್ರಿಕೆಗಳಲ್ಲೂ ನ್ಯಾಯಾಲಯದಲ್ಲೂ ಚರ್ಚೆ ನಡೆದಿದೆ, ನಡೆಯಬೇಕಾದದ್ದೇ. ಆದರೆ ಕೊಳಚೆಯಿಂದ ನೀರನ್ನು ತಿಳಿಗೊಳಿಸಿದ ಮೇಲೆ ತೊಟ್ಟಿಯ ತಳದಲ್ಲಿ ಉಳಿಯುವ, ಎಂಜಿನಿಯರುಗಳು ಸ್ಲಡ್ಜ್ ಎನ್ನುವ ಬಗ್ಗಡ ಎಲ್ಲಿಗೆ ಹೋಗುತ್ತದೆಂದು ಕೇಳಿದವರು ಕಡಿಮೆ. ಹತ್ತು ಲಕ್ಷ ಲೀಟರ್ ಕೊಳಚೆನೀರಿಗೆ ಸುಮಾರು ಕಾಲು ಟನ್ ಒಣ ಬಗ್ಗಡ ಎಂಬ ಸಾಮಾನ್ಯ ಲೆಕ್ಕ ಹಿಡಿದರೂ, ಈ ಯೋಜನೆ ಉದ್ದೇಶಿಸಿರುವ ದಿನಕ್ಕೆ 44 ಕೋಟಿ ಲೀಟರ್ ನೀರಿನ ಹಿಂದೆ ನಿತ್ಯ ನೂರು ಟನ್ನಿನ ಆಸುಪಾಸು ಬಗ್ಗಡ ಇರಲೇಬೇಕು.

ಇದನ್ನು ಕಸವೆಂದು ತಳ್ಳಿಹಾಕುವುದು ದಡ್ಡತನ. ಕೆರೆ ಬತ್ತಿದಾಗ ಗೋಡು ಹೊಡೆದು ಹೊಲಕ್ಕೆ ಹಾಕಿದ ಸೀಮೆಯವರಿಗೆ ಅದನ್ನು ವಿವರಿಸಬೇಕಾಗಿಯೂ ಇಲ್ಲ. ಬಗ್ಗಡದಲ್ಲಿ ಸಾರಜನಕವಿದೆ, ರಂಜಕವಿದೆ, ನಮ್ಮ ಕೆಂಪು ಮಣ್ಣಿಗೆ ತೀರಾ ಬೇಕಾದ ಸಾವಯವ ಇಂಗಾಲವಿದೆ. ಪೊಟ್ಯಾಷ್ ಮಾತ್ರ ನೀರಿನಲ್ಲಿ ಕರಗಿ ಹೋಗುವುದರಿಂದ ಅದನ್ನು ಬೇರೆ ಕಡೆಯಿಂದ ತುಂಬಿಕೊಳ್ಳಬೇಕು. ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿದರೆ ಅಡುಗೆಗೂ ವಿದ್ಯುತ್ತಿಗೂ ಆಗುವ ಅನಿಲ ಮೊದಲು ಸಿಗುತ್ತದೆ, ಗೊಬ್ಬರ ಆಮೇಲೆ. ಅಂಥ ಘಟಕಗಳ ಕೊಳವೆಗಳಲ್ಲಿ ಸುಣ್ಣದಂತೆ ಗಟ್ಟಿಯಾಗಿ ಕಟ್ಟಿಕೊಳ್ಳುವ ಸ್ಟ್ರೂವೈಟ್ ಕೂಡ ರಂಜಕದ ಗೊಬ್ಬರವೇ, ಮತ್ತು ರಂಜಕಕ್ಕೆ ನಮ್ಮ ದೇಶ ಬಹುಪಾಲು ಆಮದನ್ನೇ ನೆಚ್ಚಿಕೊಂಡಿದೆ.

ಮಾದರಿ ದೂರದಲ್ಲೇನೂ ಇಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ, ಮನೆಗಳ ಶೌಚಗುಂಡಿಗಳಿಂದ ಸಕ್ಕಿಂಗ್ ಯಂತ್ರಗಳು ಎಳೆದು ತರುವ ಮಲತ್ಯಾಜ್ಯಕ್ಕಾಗಿಯೇ ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಘಟಕವೊಂದು ಆರಂಭವಾಯಿತು. ಅಲ್ಲಿ ಒಣಗಿದ ಬಗ್ಗಡವನ್ನು ಪಟ್ಟಣದ ಹಸಿ ಕಸದೊಂದಿಗೆ ಕಳಿಯಿಸಿ ಗೊಬ್ಬರ ಮಾಡುವ ಕ್ರಮ ಬೆಳೆಯಿತು. ಹಾಗೆ ಕಳಿಯಿಸುವುದು ಅಲಂಕಾರಕ್ಕಲ್ಲ. ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ರಾಶಿಯ ಒಡಲು 55 ಡಿಗ್ರಿಗೆ ಏರಿ ಕೆಲವು ದಿನ ಹಾಗೆಯೇ ನಿಂತರೆ ಅದು ಸಾಯುತ್ತದೆ.

ಆದರೆ ಎಷ್ಟು ಕಾವು ಕೊಟ್ಟರೂ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಸಾಯುವುದಿಲ್ಲ. ನಗರ ಕಾಂಪೋಸ್ಟ್‌ನ ಒಂದು ಕಿಲೋದಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದೆಂದು ರಸಗೊಬ್ಬರ ನಿಯಂತ್ರಣ ಆದೇಶವೇ ಮಿತಿ ಹಾಕಿದೆ. ಬರೀ ಮನೆಗಳ ಕೊಳಚೆ ಬರುವ ಸಣ್ಣ ಊರಿನ ಬಗ್ಗಡವೂ ಪೀಣ್ಯದಂಥ ಕಡೆಯ ಲೋಹಲೇಪನದ ನೀರು ಸೇರಿಕೊಂಡ ಬಗ್ಗಡವೂ ಕಣ್ಣಿಗೆ ಒಂದೇ ಕಪ್ಪು. ರೈತ ಮುಟ್ಟಿ, ಮೂಸಿ ಪತ್ತೆಹಚ್ಚುವಂಥದ್ದಲ್ಲ ಇದು.

ಕಳೆದ ಬೇಸಿಗೆಯಲ್ಲಿ ನನ್ನ ಹೊಲದ ಬದುವಿಗೂ ಒಂದು ಲೋಡ್ ಬಂದು ಬಿತ್ತು. ಯಾವುದೋ ಅಪಾರ್ಟ್‌ಮೆಂಟಿನದಂತೆ, ಗೊಬ್ಬರಕ್ಕೆ ದುಡ್ಡಿಲ್ಲ, ಬಾಡಿಗೆ ಕೊಟ್ಟರೆ ಸಾಕು ಎಂದ ಚಾಲಕ. ಇಟ್ಟಿಗೆಯಂತೆ ಬಿರುಕು ಬಿಟ್ಟ ಹೆಂಟೆಗಳು, ನಡುವೆ ಶಾಂಪೂ ಪೊಟ್ಟಣಗಳ ಚೂರು. ಎರಡು ಮಳೆ ಬಿದ್ದದ್ದೇ ತಡ, ಯಾರೂ ಬಿತ್ತದ ಟೊಮೆಟೊ ಸಸಿಗಳು ರಾಶಿಯ ತುಂಬ ಎದ್ದವು. ನಗರದವರು ತಿಂದ ಹಣ್ಣಿನ ಬೀಜ ಅವರ ಹೊಟ್ಟೆಯನ್ನೂ ಘಟಕವನ್ನೂ ದಾಟಿ, ಟೊಮೆಟೊಗೆ ಹೆಸರಾದ ಜಿಲ್ಲೆಗೇ ಮರಳಿತ್ತು! ಸಸಿಗಳು ಸೊಂಪಾಗಿದ್ದವು ನಿಜ, ಆದರೆ ಆ ಸೊಂಪು ಲೋಹದ ಲೆಕ್ಕ ಹೇಳುವುದಿಲ್ಲ.

ಆದ್ದರಿಂದ ಪ್ರತಿ ಶುದ್ಧೀಕರಣ ಘಟಕವೂ ತನ್ನ ಬಗ್ಗಡವನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳುಹಿಸಿ ಫಲಿತಾಂಶವನ್ನು ಗೇಟಿನ ಫಲಕದಲ್ಲಿ ಕನ್ನಡದಲ್ಲಿ ಬರೆಸಬೇಕು. ಹೊರಡುವ ಪ್ರತಿ ಲೋಡ್‌ನ ಜೊತೆಗೂ ಮೂಲ, ದಿನಾಂಕ, ಲೋಹದ ಪ್ರಮಾಣ, ಕಳಿಯಿಸಿದ ಅವಧಿ ನಮೂದಿಸಿದ ಚೀಟಿ ಇರಬೇಕು. ಮಿತಿಯೊಳಗಿನದು ಕೃಷಿ ಇಲಾಖೆಯ ಮೂಲಕ ಗೊಬ್ಬರವಾಗಿ ಮಾರಾಟವಾಗಲಿ, ಮೀರಿದ್ದು ಹೊಲದ ಕಡೆ ಸುಳಿಯದಿರಲಿ. ಕಾರ್ಖಾನೆಯ ನೀರು ಒಳಚರಂಡಿಗೆ ಸೇರದಂತೆ ಅದರ ಬಾಗಿಲಲ್ಲೇ ತಡೆಯುವುದು ಇದಕ್ಕಿಂತ ಮೊದಲ ಕೆಲಸ, ಏಕೆಂದರೆ ಒಮ್ಮೆ ಬೆರೆತ ಲೋಹವನ್ನು ಬಗ್ಗಡದಿಂದ ಬೇರ್ಪಡಿಸಲು ಕೈಗೆಟುಕುವ ದಾರಿಯಿಲ್ಲ.

ನನ್ನ ಬದುವಿನ ರಾಶಿ ಈಗಲೂ ಅಲ್ಲೇ ಇದೆ. ಗಿಡಗಳು ಕಾಯಿ ಬಿಟ್ಟು ಹಣ್ಣಾದವು, ಉದುರಿಯೂ ಹೋದವು. ಮನೆಯಲ್ಲಿ ಒಬ್ಬರೂ ಕೀಳಲಿಲ್ಲ.

– ಒಬ್ಬ ಕೃಷಿಕ, ಕೋಲಾರ ತಾಲ್ಲೂಕು