ಹಳೇ ಟ್ಯಾಪೆಟ್, ಹೊಸ ಕ್ಯಾಮ್

ಪ್ರೀತಿಯ ಪುಟ್ಟಾ,

ನಿನ್ನ ಮೇಲ್ ಬಂದು ನಾಲ್ಕು ದಿನವಾಯಿತು. ಯಾವ ಕ್ಯಾಮ್‌ಶಾಫ್ಟ್, ಎಂಥ ಸ್ಪ್ರಿಂಗ್, ಹಳೆಯದನ್ನೇ ಗ್ರೈಂಡಿಂಗ್ ಮಾಡಿಸಲಾ ಹೊಸದು ಹುಡುಕಲಾ ಅಂತ ಕೇಳಿದ್ದಕ್ಕೆಲ್ಲ ಅವತ್ತೇ ಉತ್ತರ ಬರೆಯಬಹುದಿತ್ತು. ಬರೆಯಲು ಕೂತಿದ್ದೆ ಕೂಡ. ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, "ಮಾವ, ತಪ್ಪು ಪಾರ್ಟ್ ಹಾಕಿದರೆ ಅಪ್ಪನ ಎಂಜಿನ್ ನಾನೇ ಕೈಯಾರೆ ಕೊಂದ ಹಾಗೆ ಅಲ್ವಾ" ಅಂತ, ಅದು ಊಟಕ್ಕೆ ಕೂತರೂ ಬಿಡುತ್ತಿಲ್ಲ, ಡೊಂಬಿವಿಲಿ ಲೋಕಲ್‌ನಲ್ಲಿ ನಿಂತರೂ ಬಿಡುತ್ತಿಲ್ಲ.

ಭಾವನ ಆ ಪ್ರೀಮಿಯರ್ ಪದ್ಮಿನಿ ಗಾಡಿ ಇಷ್ಟು ವರ್ಷ ಯಾಕೆ ನಿಂತಿತ್ತು ಅನ್ನುವುದನ್ನು ಎತ್ತುವುದಿಲ್ಲ. ನಮಗೆಲ್ಲ ಗೊತ್ತಿರುವುದೇ.

ಮೊದಲು ಕ್ಯಾಮ್, ಅಂದರೆ ವಾಲ್ವುಗಳನ್ನು ತೆರೆಸುವ ಉಬ್ಬುಗಳಿರುವ ಆ ದಂಡದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ. ನಿನ್ನದು 1089 ಸಿಸಿಯ ಪುಟ್ಟ ಎಂಜಿನ್. ವಾಲ್ವನ್ನು ಜಾಸ್ತಿ ಹೊತ್ತು ತೆರೆದಿಡುವ ಕ್ಯಾಮ್ ಹಾಕಿದರೆ ಮೇಲಿನ ಆರ್‌ಪಿಎಂನಲ್ಲಿ ಜೋರು ಬರುತ್ತದೆ, ಕೆಳಗಿನ ಎಳೆತ ಹೋಗುತ್ತದೆ. ಇನ್‌ಲೆಟ್ಟೂ ಎಕ್ಸಾಸ್ಟೂ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಾಗಿ ಐಡ್ಲಿಂಗ್ ಕುಂಟುತ್ತದೆ. ನೀನು ಓಡಿಸುವುದು ಪುಣೆಯ ಸ್ವಾರ್‌ಗೇಟ್ ಟ್ರಾಫಿಕ್‌ನಲ್ಲಿ, ಆಗೊಮ್ಮೆ ಈಗೊಮ್ಮೆ ಖಂಡಾಲಾ ಘಾಟ್. ಲಾರಿ ಹಿಂದೆ ಎರಡನೇ ಗೇರಿನಲ್ಲಿ ಘಾಟ್ ಹತ್ತುವವನಿಗೆ ರೇಸಿನ ಕ್ಯಾಮ್ ಯಾಕೆ? ಕಂಪನಿ ಅಳತೆಯದೇ ಇರಲಿ. ತೀರಾ ಆಸೆಯಾದರೆ ಅದಕ್ಕಿಂತ ಒಂದು ಚೂರು ಜಾಸ್ತಿ. ಮಾವನದು ಹಳೇ ಕಾಲದ ಬುದ್ಧಿ ಅನ್ನಿಸಿದರೆ ಬಿಟ್ಟುಬಿಡು.

ಅಂದರೆ ನಿನ್ನ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಯೋಗ್ಯತೆ ನನಗಿಲ್ಲ. ಯಾಕೆ ಅಂತ ನಿನ್ನಮ್ಮನಿಗೂ ಗೊತ್ತಿಲ್ಲ.

1986ರ ಮಳೆಗಾಲ. ಆಗ ಮುಂಬೈ ತುಂಬ ಫಿಯಟ್, ಪದ್ಮಿನಿ ಟ್ಯಾಕ್ಸಿಗಳೇ. ನಾನಿದ್ದ ಗ್ಯಾರೇಜಿಗೆ ಒಂದು ಟ್ಯಾಕ್ಸಿ ಬಂತು. ಕ್ಯಾಮ್ ಸವೆದಿತ್ತು, ಹೊಸದು ಹಾಕಿದೆವು. ಕ್ಯಾಮ್ ಮೇಲೆ ಕೂತು ಅದರ ಎತ್ತನ್ನು ವಾಲ್ವಿನ ಕಡೆಗೆ ದಾಟಿಸುವ ಟ್ಯಾಪೆಟ್‌ಗಳು ನೋಡಲು ಚೆನ್ನಾಗೇ ಇದ್ದವು. ಟ್ಯಾಕ್ಸಿಯವನ ಹತ್ತಿರ ದುಡ್ಡಿಲ್ಲ, ನನಗೆ ಸಂಜೆಯೊಳಗೆ ಗಾಡಿ ಬಿಡುವ ಅವಸರ. "ಹಳೆಯವನ್ನೇ ಹಾಕು" ಅಂತ ಕೆಲಸದ ಹುಡುಗನಿಗೆ ನಾನೇ ಹೇಳಿದೆ. ಅವನು ನಮ್ಮ ಕಡೆಯವನೇ, ಕುಂದಾಪುರದ ಹತ್ತಿರದವನು, ಹಗಲು ಗ್ಯಾರೇಜು, ರಾತ್ರಿ ಕನ್ನಡ ಶಾಲೆ. "ಅಣ್ಣ, ಇವುಗಳ ತಳ ಸ್ವಲ್ಪ ಗುಂಡಿ ಬಿದ್ದ ಹಾಗಿದೆಯಲ್ಲ" ಅಂದ. ನಾನು ಬಗ್ಗಿ ನೋಡಲೂ ಇಲ್ಲ.

ಟ್ಯಾಪೆಟ್‌ನ ತಳ ಕಣ್ಣಿಗೆ ಚಪ್ಪಟೆ ಕಂಡರೂ ಹೊಸದರಲ್ಲಿ ಕೂದಲೆಳೆಯಷ್ಟು ಉಬ್ಬಿರುತ್ತದೆ. ಕ್ಯಾಮ್‌ನ ಲೋಬ್, ಅಂದರೆ ಎತ್ತುವ ಉಬ್ಬು, ಅದು ಕೂಡ ಒಂದು ಬದಿಗೆ ಚೂರೇ ಚೂರು ಇಳಿಜಾರು. ಹಾಗಾಗಿ ಲೋಬ್ ಎತ್ತಿದಾಗೆಲ್ಲ ಟ್ಯಾಪೆಟ್ ತನ್ನಷ್ಟಕ್ಕೆ ತಿರುಗುತ್ತಾ ಹೋಗುತ್ತದೆ, ಸವೆತ ಒಂದೇ ಜಾಗಕ್ಕೆ ಬೀಳುವುದಿಲ್ಲ. ಹಳೆಯದು ಹಳೇ ಲೋಬಿಗೆ ಒಗ್ಗಿ ಸವೆದಿರುತ್ತದೆ. ಹೊಸ ಲೋಬಿನ ಮೇಲೆ ಅದು ತಿರುಗುವುದಿಲ್ಲ, ಉಜ್ಜುತ್ತದೆ. ಮೇಲಿನ ಗಟ್ಟಿ ಪದರ ಹೋಯಿತೋ, ಉಳಿದದ್ದಕ್ಕೆ ಜಾಸ್ತಿ ದಿನ ಬೇಡ. ಎರಡು ವಾರಕ್ಕೆ ಟ್ಯಾಕ್ಸಿ ವಾಪಸ್ ಬಂತು. ಪಿಕಪ್ ಇಲ್ಲ, ಕಾರ್ಬ್ಯುರೇಟರಿನಿಂದ ಕೆಮ್ಮು. ಮುಚ್ಚಳ ತೆಗೆದರೆ ವಾಲ್ವನ್ನು ಒತ್ತುವ ಏಳು ರಾಕರ್ ಆಡುತ್ತಿವೆ, ಎಂಟನೆಯದು ಸುಮ್ನೆ ಅಲ್ಲಾಡುತ್ತಿದೆ ಅಷ್ಟೇ.

ಸೇಠ್ ಕೇಳಿದ, ಯಾರು ಜೋಡಿಸಿದ್ದು? ನಾನು ಹುಡುಗನ ಕಡೆ ನೋಡಿದೆ. ಬಾಯಿಬಿಟ್ಟು ಹೆಸರು ಹೇಳಲಿಲ್ಲ, ನೋಡಿದೆ. ಅಷ್ಟೇ ಸಾಕಾಯಿತು. ಎಂಜಿನ್ ಬಿಚ್ಚಿ, ಲೋಹದ ಪುಡಿಯನ್ನೆಲ್ಲ ತೊಳೆದು, ಇನ್ನೊಂದು ಕ್ಯಾಮು, ಎಂಟು ಹೊಸ ಟ್ಯಾಪೆಟ್ ಹಾಕಿದೆವು. ಆ ಟ್ಯಾಕ್ಸಿಯನ್ನು ಎಷ್ಟೋ ವರ್ಷ ದಾದರ್ ಸ್ಟೇಷನ್ ಹೊರಗೆ ನೋಡುತ್ತಿದ್ದೆ. ಹುಡುಗ ಮಾತ್ರ ಮತ್ತೆ ಕಾಣಲಿಲ್ಲ.

ನೀನು "ಕೊಂದ ಹಾಗೆ" ಅಂತ ಬರೆದಾಗ ನನಗೆ ನೆನಪಾದದ್ದು ಇದು. ಲೋಬ್ ತಿಂದರೆ ದುಡ್ಡು ದಂಡ, ಎರಡು ತಿಂಗಳ ಕೆಲಸ ದಂಡ. ಅಷ್ಟಕ್ಕೆ ಎಂಜಿನ್ ಸಾಯುವುದಿಲ್ಲ ಮಾರಾಯ. ಭಾವ ಇದ್ದಿದ್ದರೆ ಬೈದು, ಆಮೇಲೆ ತಾವೇ ಕುರ್ಲಾಕ್ಕೆ ಹೋಗಿ ಸಿಎಸ್‌ಟಿ ರೋಡಿನ ಅಂಗಡಿಗಳಲ್ಲೆಲ್ಲ ಹುಡುಕಿ ಪಾರ್ಟ್ ತರುತ್ತಿದ್ದರು. ಅವರಿಗೆ ಆ ಗಾಡಿ ಮೇಲೆ ಎಂಥ ಹೆಮ್ಮೆ! ಕಾರು ಕಾರ್ಖಾನೆಗೆ ಮೊದಲು ಯೋಜನೆ ಹಾಕಿದ್ದು ನಮ್ಮ ವಿಶ್ವೇಶ್ವರಯ್ಯನವರು, ಉದ್ಯಮಿ ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಕಂಪನಿ ಶುರು ಮಾಡಿದ್ದು ಆಮೇಲೆ, ಹಾಗಾಗಿ ಇದು ಅರ್ಧ ಮೈಸೂರಿನ ಗಾಡಿ ಅಂತ ಮಾಟುಂಗಾದಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯ 20 ವರ್ಷ ಮುಗಿದು ರಸ್ತೆಯಿಂದ ಇಳಿಯಿತು ಅಂತ ಪೇಪರಿನಲ್ಲಿ ಓದಿದಾಗ ನಾನು ಅವರಿಗೆ ಫೋನ್ ಮಾಡಲು ಮೊಬೈಲ್ ಕೈಗೆತ್ತಿಕೊಂಡಿದ್ದೆ. ಇರಲಿ.

ಏನೋ ಹೇಳಲು ಹೋಗಿ ಎಲ್ಲಿಗೋ ಹೋದೆ. ಟ್ಯಾಪೆಟ್ ಕೊಂಡಾಗ ಎರಡರ ತಳಕ್ಕೆ ತಳ ಸೇರಿಸಿ ಬೆಳಕಿಗೆ ಹಿಡಿ, ಸ್ವಲ್ಪ ತೊಟ್ಟಿಲಿನ ಹಾಗೆ ತೂಗಬೇಕು. ತೂಗದಿದ್ದರೆ ವಾಪಸ್ ಕೊಡು. ವಾಲ್ವ್ ಸ್ಪ್ರಿಂಗ್ ಗಟ್ಟಿಯಾದಷ್ಟೂ ಒಳ್ಳೆಯದು ಅಂತ ಅಂಗಡಿಯವನು ಹೇಳುತ್ತಾನೆ, ಕೇಳಬೇಡ, ಆ ಭಾರವೆಲ್ಲ ಲೋಬಿನ ಮೇಲೇ ಬೀಳುತ್ತದೆ. ಗ್ರೈಂಡಿಂಗ್ ಮಾಡಿದ ಕ್ಯಾಮ್ ಆದರೆ ಅದರ ಬುಡದ ಸುತ್ತಳತೆ ಕಮ್ಮಿಯಾಗಿರುತ್ತದೆ, ಟ್ಯಾಪೆಟ್‌ನಿಂದ ರಾಕರ್‌ವರೆಗಿನ ಕಡ್ಡಿ, ಪುಶ್‌ರಾಡ್, ಅದರ ಉದ್ದ ಸಾಲದೇ ಹೋಗಬಹುದು. ರಾಕರ್ ವಾಲ್ವಿನ ತುದಿಗೆ ಎಲ್ಲಿ ತಾಗುತ್ತದೆ ಅಂತ ಮಾರ್ಕರ್ ಬಳಿದು ನೋಡು. ವಾಲ್ವ್ ತಾಗುತ್ತದಾ ಅಂತ ಪಿಸ್ಟನ್ ಮೇಲೆ ಜೇಡಿಮಣ್ಣಿಟ್ಟು ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡುವುದು ನಿನಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಇನ್ನು ಎಂಜಿನ್ ಶುರು ಮಾಡಿದ ಮೊದಲ 20 ನಿಮಿಷ. ನಿನ್ನ ಭಯ ನಿಜಕ್ಕೂ ಇರುವುದು ಇಲ್ಲಿ ಅಲ್ವಾ? ನನಗೂ ಇಲ್ಲೇ. ಲೋಬ್‌ಗಳಿಗೆ ಮಾಲಿಬ್ಡಿನಮ್ ಪೇಸ್ಟ್ ಬಳಿ. ಎಣ್ಣೆ ಜಿಂಕ್ ಜಾಸ್ತಿ ಇರುವುದೇ ಬೇಕು. ಈಗಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಹೊಸ ಎಣ್ಣೆಗಳಲ್ಲಿ ಅದನ್ನು ಕಮ್ಮಿ ಮಾಡಿದ್ದಾರೆ. ಕಾರ್ಬ್ಯುರೇಟರ್ ಬಟ್ಟಲಿಗೆ ಮೊದಲೇ ಪೆಟ್ರೋಲ್ ತುಂಬಿಸಿಡು, ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂರಬೇಡ. ಎಂಜಿನ್ ಹಿಡಿದ ತಕ್ಷಣ 2000ದಿಂದ 2500 ಆರ್‌ಪಿಎಂ, ಕೆಳಗೆ ಬಿಡಬೇಡ. ಐಡ್ಲಿಂಗ್‌ನಲ್ಲಿ ಲೋಬಿಗೆ ಎಣ್ಣೆ ಎರಚುವುದು ಸಾಲದು. ಆಮೇಲೆ ಎಣ್ಣೆ ಇಳಿಸಿ, ಲೋಹದ ಪುಡಿ ಇದೆಯಾ ಅಂತ ಅದರಲ್ಲಿ ಮ್ಯಾಗ್ನೆಟ್ ಆಡಿಸು.

ಮತ್ತೆ, ಜೋಡಿಸಿಟ್ಟು ತಿಂಗಳುಗಟ್ಟಲೆ ನೋಡುತ್ತಾ ಕೂರಬೇಡ. ಭಯದಲ್ಲಿ ಹಾಗೆ ಮಾಡುವವರನ್ನು ನೋಡಿದ್ದೇನೆ. ಅಷ್ಟರಲ್ಲಿ ಬಳಿದ ಎಣ್ಣೆಯೆಲ್ಲ ಕೆಳಗಿಳಿದಿರುತ್ತದೆ.

ದಿನ ಗೊತ್ತಾದರೆ ಹೇಳು, ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತಿ ಬರುತ್ತೇನೆ. ಚಾವಿ ನೀನೇ ತಿರುಗಿಸು. ನಾನು ಮುಂದೆ ನೀರಿನ ಕೊಡ ಹಿಡಿದು ನಿಂತಿರುತ್ತೇನೆ. ಏನಾದರೂ ಕೆಟ್ಟರೆ ಮಾವ ಹೇಳಿದ ಹಾಗೆ ಮಾಡಿದೆ ಅಂತ ಅಕ್ಕನಿಗೆ ಹೇಳು, ನಾನು ಇಲ್ಲ ಅನ್ನುವುದಿಲ್ಲ.

ಹಳೇ ಎಂಟು ಟ್ಯಾಪೆಟ್‌ಗಳನ್ನು ಬಟ್ಟೆಯಲ್ಲಿ ಕಟ್ಟಿಡು. ವಾಪಸ್ ಹೊರಡುವಾಗ ನಾನು ತೆಗೆದುಕೊಂಡು ಹೋಗುತ್ತೇನೆ.

ನಿನ್ನ ಮಾವ